ನೆಲ ಅವಳದು, ಅಟ್ಟ ಇವರದು

ತುರುವೇಕೆರೆ ಸೀಮೆಯ ಚರಿತ್ರೆಯನ್ನು ಮುಂದೆ ಯಾರಾದರೂ ಶ್ರದ್ಧೆಯಿಂದ ಬರೆಯಲು ಕೂತರೆ, ಒಂದು ಏಣಿಯ ಕಾಲು ನೆಲದ ಮೇಲೆ ದಿನಕ್ಕೆ ಎಷ್ಟು ಹೊತ್ತು ಊರಿಕೊಂಡಿರಬಹುದು ಎಂಬ ಪ್ರಶ್ನೆಗೆ ಒಂದು ಅಧ್ಯಾಯವನ್ನೇ ಮೀಸಲಿಡಬೇಕಾಗುತ್ತದೆ. ಈ ಪ್ರಶ್ನೆ ಇತ್ಯರ್ಥವಾಗಲು ಮೂರು ಪಂಚಾಯ್ತಿ ಸೇರಬೇಕಾಯಿತು, ಒಂದು ಛಾಪಾ ಕಾಗದ ಖರ್ಚಾಯಿತು, ಅರ್ಧ ಚೀಲ ಕಡ್ಲೆಪುರಿ ಮುಗಿಯಿತು. ಒಬ್ಬ ಹಿರಿಯರು ಒಂದು ಇಡೀ ಬೆಳಗು ಊಟತಿಂಡಿಯಿಲ್ಲದೆ ಅಟ್ಟದ ಮೇಲೆ ಕೂರಬೇಕಾಯಿತು.

ಆ ಹಿರಿಯರು ತೋಂಟದಾರ್ಯನವರು. ಅಟ್ಟವೂ ಅವರದೇ. ಏಣಿಯೂ ಅವರದೇ. ಏಣಿ ಊರುತ್ತಿದ್ದ ನೆಲ ಮಾತ್ರ ಅವರದಲ್ಲ.

ದಬ್ಬೇಘಟ್ಟದಿಂದ ಎರಡು ಮೈಲಿ ಒಳಗಿರುವ ಆ ಊರಿನಲ್ಲಿ ತೋಂಟದಾರ್ಯನವರ ತಂದೆ ಕಟ್ಟಿಸಿದ ಕಾಯಿಮನೆಯೊಂದಿದೆ. ನಾಡಹೆಂಚಿನ ಸೂರು, ಆಳೆತ್ತರಕ್ಕೂ ಮೇಲೆ ಅಡಿಕೆದಬ್ಬೆ ಹಾಸಿದ ಅಟ್ಟ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೇರಿಸಿ ಹನ್ನೊಂದು ತಿಂಗಳು ಮರೆತುಬಿಟ್ಟರೆ ಒಳಗಿನ ನೀರು ಇಂಗಿ, ಕಾಯಿ ಚಿಪ್ಪು ಬಿಟ್ಟು, ಉಂಡೆ ಕೊಬ್ಬರಿಯಾಗಿ ಲೊಟಲೊಟ ಆಡುತ್ತದೆ. ಅಣ್ಣತಮ್ಮ ಪಾಲಾದಾಗ ತೋಟ ಹಂಚಿದರು, ದನ ಹಂಚಿದರು, ಹಿತ್ತಾಳೆ ಹಂಡೆಯನ್ನೂ ಹಂಚಿದರು. ಕಾಯಿಮನೆಯನ್ನು ಮಾತ್ರ ನಡುವೆ ಸೀಳಲು ಬರಲಿಲ್ಲ. ಆಗ ತುರುವೇಕೆರೆಯ ಪತ್ರಬರಹಗಾರ ಶ್ರೀರಂಗಯ್ಯನವರು ಒಂದು ಉಪಾಯ ಹೂಡಿದರು: ನೆಲ ತಮ್ಮನಿಗೆ, ಅಟ್ಟ ಅಣ್ಣನಿಗೆ, ಸೂರು ಇಬ್ಬರಿಗೂ. ಇಂಥ ಪತ್ರವನ್ನು ಜಿಲ್ಲೆಯಲ್ಲೇ ಯಾರೂ ಬರೆದಿಲ್ಲ ಎಂದು ಅವರು ಬಹಳ ದಿನ ಹೇಳಿಕೊಂಡು ತಿರುಗಿದರು. ಬರೆಯದೆ ಇದ್ದುದಕ್ಕೆ ಏನಾದರೂ ಕಾರಣವಿರಬಹುದು ಎಂದು ಯಾರಿಗೂ ಹೊಳೆಯಲಿಲ್ಲ.

ತಮ್ಮ ಇರುವವರೆಗೆ ಕಷ್ಟವಾಗಲಿಲ್ಲ. ಅವನ ಪಾಲಿನ ನೆಲದಲ್ಲಿ ಒಂದು ಮುರುಕಲು ಮೊಪೆಡ್ಡು, ನಾಲ್ಕು ಕೋಳಿ. ಅವನು ತೀರಿಕೊಂಡ ಮೇಲೆ ನೆಲ ಮಗಳು ಜೀವಿತಾಳಿಗೆ ಬಂತು. ಅವಳು ಒಂದು ಸೋಮವಾರ ಹದಿನಾಲ್ಕು ಚೀಲ ಜೇಡಿಮಣ್ಣು ಇಳಿಸಿ, ಕೋಳಿಗಳನ್ನು ಮಾರಿ, ಬಾಗಿಲಿಗೆ ಹೊಸ ಬೀಗ ಹಾಕಿದಳು.

ಜೀವಿತಾ ಹೊರರಾಜ್ಯದಲ್ಲಿ ಐದು ವರ್ಷ ಮಣ್ಣಿನ ಕೆಲಸ ಕಲಿತು ಬಂದವಳು. ಮಣ್ಣು ತುಳಿಯುವುದನ್ನು ಕಲಿಯಲು ಅಷ್ಟು ದೂರ ಹೋಗಬೇಕೆ ಎಂದು ಊರು ಕೇಳಿತು. ಜೇನುಹುಟ್ಟು, ನಾಯಿಕೊಡೆ, ಮುತ್ತುಗದ ಕಾಯಿ, ಬಿರಿದ ಹೊಂಗೆಬೀಜ, ಇಂಥವನ್ನು ಅವಳು ಮಣ್ಣಿನಲ್ಲಿ ದೊಡ್ಡದಾಗಿ ಕಟ್ಟುತ್ತಿದ್ದಳು. ಹಿತ್ತಲಲ್ಲಿ ಇಟ್ಟಿಗೆಯ ಗೂಡೊಂದನ್ನು ಕಟ್ಟಿಕೊಂಡು ಅದರಲ್ಲಿ ಸುಡುತ್ತಿದ್ದಳು. ಮೊದಲ ದಿನವೇ ತೋಂಟದಾರ್ಯನವರು ಬಾಗಿಲಲ್ಲಿ ನಿಂತು ವಿಚಾರಿಸಿದರು.

"ಚಕ್ರ ಎಲ್ಲಮ್ಮ?"

"ಇಲ್ಲ ದೊಡ್ಡಪ್ಪ. ಎಳೆ ಹೊಸೆದು ಕೈಯಲ್ಲೇ ಕಟ್ಟೋದು."

"ಕುಂಬಾರ್ರೇ ಚಕ್ರ ಮಡಿಕಂಡವ್ರೆ. ನೀನು ಓದಿ ಓದಿ ಅವ್ರಿಗಿಂತ ಹಿಂದಕ್ಕೋದೆಯಲ್ಲ."

"ಚಕ್ರದಲ್ಲಿ ಮಾಡಿದ್ರೆ ಎಲ್ಲಾ ಗುಂಡಗೆ ಬತ್ತವೆ. ಗಿಡದಲ್ಲಿ ಬಿಡೋದು ಯಾವುದೂ ಅಷ್ಟು ಗುಂಡಗಿರಲ್ಲ."

"ತೆಂಗಿನಕಾಯಿ?"

"ಅದೂ ಇಲ್ಲ. ನೀವು ಸರಿಯಾಗಿ ನೋಡಿಲ್ಲ."

ಅರವತ್ನಾಲ್ಕು ವರ್ಷದಿಂದ ತೆಂಗಿನಕಾಯಿ ಬಿಟ್ಟು ಬೇರೇನನ್ನೂ ಸರಿಯಾಗಿ ನೋಡದವರಿಗೆ ಹೇಳುವ ಮಾತಲ್ಲ ಅದು. ತೋಂಟದಾರ್ಯನವರು ಕಾಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಅದು ಯಾವ ತಿಂಗಳು ಅಟ್ಟ ಹತ್ತಿದ್ದು, ಇನ್ನೆಷ್ಟು ದಿನ ಬೇಕು ಎಂದು ಹೇಳಬಲ್ಲವರು. ತಿಪಟೂರು ಮಾರ್ಕೆಟ್ಟಿನಲ್ಲಿ ದಲ್ಲಾಳಿಗಳು ಅವರ ಚೀಲವನ್ನು ಬಿಚ್ಚದೆಯೇ ಕೂಗುತ್ತಿದ್ದರು. ಅವರ ಲೆಕ್ಕದಲ್ಲಿ ಮನುಷ್ಯರಲ್ಲಿ ಎರಡೇ ಜಾತಿ: ಕೊಬ್ಬರಿ ಮಾಡುವವರು, ಹಸಿಕಾಯಿ ಮಾರುವವರು. ಹಸಿಕಾಯಿಯನ್ನು ಕಿತ್ತ ವಾರವೇ ಲಾರಿಗೆ ತುಂಬುವವರನ್ನು ಅವರು "ಅಟ್ಟವಿಲ್ಲದವರು" ಎನ್ನುತ್ತಿದ್ದರು. ಉಳಿದವರು "ಗತಿಯಿಲ್ಲದವರು" ಎನ್ನುವಾಗ ಬರುವ ಧ್ವನಿಯೇ ಆಗ ಅವರ ಬಾಯಲ್ಲಿ ಬರುತ್ತಿತ್ತು. ಅವರು ವಾಸವಿದ್ದ ಹೊಸಮನೆ ತಾರಸಿಯದು. ಅದರಲ್ಲಿ ಕಾಯಿಟ್ಟರೆ ಬೆವೆತು ಮೊಳಕೆ ಬರುತ್ತದೆ. ಆದ್ದರಿಂದ ಆ ಹಳೆಯ ಅಟ್ಟವಿದ್ದರೆ ಮಾತ್ರ ತೋಂಟದಾರ್ಯನವರು ತೋಂಟದಾರ್ಯನವರು.

ಯುದ್ಧ ನಿಧಾನವಾಗಿ ಶುರುವಾಯಿತು. ಕೆಳಗೆ ಹಸಿಮಣ್ಣು ಒಣಗುವಾಗ ಥಂಡಿಯೆಲ್ಲ ದಬ್ಬೆಯ ಸಂದಿಯಲ್ಲಿ ಮೇಲೇರಿ ಕಾಯಿಗೆ ಬೂಷ್ಟು ಹಿಡಿಯುತ್ತದೆ ಎಂದು ಇವರು ದೂರಿದರು. ಮೇಲಿನಿಂದ ನಾರು, ದೂಳು, ಇಲಿಹಿಕ್ಕೆ ಹಸಿಮಣ್ಣಿನ ಮೇಲೆ ಉದುರುತ್ತದೆ ಎಂದು ಅವಳು ದೂರಿದಳು. ಎರಡೂ ನಿಜವಾಗಿದ್ದರಿಂದ ರಾಜಿಗೆ ದಾರಿಯೇ ಇರಲಿಲ್ಲ. ಅವಳು ಅಟ್ಟದ ಕೆಳಗೆ ಪ್ಲಾಸ್ಟಿಕ್ ಹೊದಿಸಿದಳು. ಅಟ್ಟಕ್ಕೆ ಉಸಿರುಕಟ್ಟುತ್ತದೆ ಎಂದು ಇವರು ಅದನ್ನು ಮೇಲಿನಿಂದಲೇ ಕುಡುಗೋಲಿನಲ್ಲಿ ಸೀಳಿದರು. ಅವಳು ಕೆಲಸಕ್ಕೆ ಕೂತಾಗಲೇ ಇವರಿಗೆ ಕಾಯಿ ಮಗುಚುವ ನೆನಪಾಗುತ್ತಿತ್ತು. ಇವರು ಮೇಲೆ ದಪದಪ ನಡೆದಲ್ಲೆಲ್ಲ ಅವಳು ಕೆಳಗಿನಿಂದ ಬಿದಿರುಗಳುವಿನಲ್ಲಿ ದಬ್ಬೆ ಕುಟ್ಟುತ್ತಿದ್ದಳು.

"ನಿಮ್ಮ ದೊಡ್ಡಪ್ಪ ವಯಸ್ಸಾದೋರು ಕಣೇ," ಎಂದು ಒಮ್ಮೆ ಸಿದ್ದಗಂಗಮ್ಮನವರು, ಅಂದರೆ ತೋಂಟದಾರ್ಯನವರ ಹೆಂಡತಿ, ಹೇಳಿ ನೋಡಿದರು.

"ಅದಕ್ಕೇ ದೊಡ್ಡಮ್ಮ, ಎಲ್ಲವ್ರೆ ಅಂತ ಕುಟ್ಟಿ ಕುಟ್ಟಿ ನೋಡ್ತಿರ್ತೀನಿ."

ಏಣಿ ಸದಾ ಅವಳ ನೆಲದ ನಟ್ಟನಡುವೆ ನಿಂತಿರುತ್ತಿತ್ತು. ಅದನ್ನು ಬದಿಗೆ ಸರಿಸಲು ನಾಲ್ಕು ಸಲ ಹೇಳಿದಳು. ಐದನೆಯ ಸಲ ಹೇಳಲಿಲ್ಲ. ಬೆಳಗ್ಗೆ ತೋಂಟದಾರ್ಯನವರು ಅಟ್ಟದಲ್ಲಿದ್ದಾಗ ಏಣಿಯನ್ನು ಎತ್ತಿಕೊಂಡು ಹೋಗಿ ಹುಣಿಸೆಮರಕ್ಕೆ ಒರಗಿಸಿ, ಬಾಗಿಲಿಗೆ ಬೀಗ ಹಾಕಿಕೊಂಡು ತುರುವೇಕೆರೆ ಬಸ್ಸು ಹತ್ತಿದಳು. ಅವರು ಹೆಂಚು ಸರಿಸಿ, ತಲೆ ಹೊರಹಾಕಿ, ಹೋಗಿಬರುವವರನ್ನು ಕೂಗಿದರು. ನಿಂಗಮ್ಮ ಎಂಬವಳು ದನ ಹೊಡೆದುಕೊಂಡು ಹೋಗುತ್ತ, "ಸೂರಿನ ಕೆಲ್ಸನಾ ಅಪ್ಪೋರೇ?" ಎಂದು ಕೇಳಿ ಮುಂದಕ್ಕೆ ಹೋದಳು. ಮಧ್ಯಾಹ್ನದ ಬಸ್ಸಿಗೆ ಬೀಗದಕೈ ವಾಪಸು ಬಂತು.

ಮೂರು ಪಂಚಾಯ್ತಿ ಸೇರಿತು, ಮೂರರಲ್ಲೂ ಜೀವಿತಾ ಒಂದೇ ಮಾತು ಹೇಳಿದಳು: "ಏಣಿ ನನ್ ನೆಲದ ಮೇಲಿತ್ತು, ತೆಗೆದೆ. ಅಟ್ಟದಾಗೆ ಯಾರವ್ರೆ ಅಂತ ಇಣುಕಿ ನೋಡಕ್ಕೆ ಅಟ್ಟ ನಂದಲ್ವಲ್ಲ."

ಶ್ರೀರಂಗಯ್ಯನವರು ಹೊಸ ಛಾಪಾ ಕಾಗದ ತಂದರು. ಏಣಿಯ ಕಾಲು ಹತ್ತಿ ಇಳಿಯುವ ಹೊತ್ತಿನಲ್ಲಿ ಮಾತ್ರ ನೆಲವನ್ನು ಮುಟ್ಟತಕ್ಕದ್ದು. ಮಿಕ್ಕ ಹೊತ್ತು ಹೊರಗೋಡೆಗೆ ತೂಗುಹಾಕತಕ್ಕದ್ದು. ಬಾಗಿಲಿನ ಬೀಗದಕೈ ಇಬ್ಬರ ಹತ್ತಿರವೂ ಒಂದೊಂದಿರತಕ್ಕದ್ದು. ಇಳಿದವರು ನೇರವಾಗಿ ಬಾಗಿಲ ಕಡೆಗೆ ನಡೆಯತಕ್ಕದ್ದು. ಇಷ್ಟಾದ ಮೇಲೆ ತೋಂಟದಾರ್ಯನವರು ಇನ್ನೊಂದು ಸಾಲು ಬರೆಸಿದರು. ಹಿತ್ತಲಿನ ಗೂಡಿನ ಮೇಲೆ ಅವರಿಗೆ ಬಹುಕಾಲದ ಕಣ್ಣು. ಎಂದಾದರೊಂದು ದಿನ ಅದರ ಕಿಡಿ ಹಾರೇ ಹಾರುತ್ತದೆ, ಆಗ ನೆಲವೂ ತಮ್ಮದಾಗುತ್ತದೆ ಎಂಬುದು ಅವರ ಅಂದಾಜು. "ಯಾವ ಪಾಲುದಾರರೇ ಆಗಲಿ ಬುದ್ಧಿಪೂರ್ವಕವಾಗಿ ಮಾಡಿದ ಕೆಲಸದಿಂದ ಇನ್ನೊಬ್ಬರ ಸ್ವತ್ತಿಗೆ ನಷ್ಟ ಒದಗಿದಲ್ಲಿ, ನಷ್ಟ ಮಾಡಿದವರು ಸದರಿ ಕಾಯಿಮನೆಯಲ್ಲಿನ ತಮ್ಮ ಹಕ್ಕನ್ನು ಇನ್ನೊಬ್ಬರಿಗೆ ಬಿಟ್ಟುಕೊಡತಕ್ಕದ್ದು."

"ಇದು ಎರಡು ಕಡೆಗೂ ಅನ್ವಯಿಸ್ತದೆ, ಗೊತ್ತಲ್ವಾ?" ಎಂದು ಶ್ರೀರಂಗಯ್ಯನವರು ಪೆನ್ನು ಎತ್ತಿ ಕೇಳಿದರು.

"ಬರೀರಿ. ಬೆಂಕಿ ಹಚ್ಚೋಳು ಅವ್ಳು, ನಾನಲ್ಲ."

ಜೀವಿತಾ ಓದಿ ನೋಡಿ ಸಹಿ ಹಾಕಿದಳು.

ಅದಾಗಿ ಎರಡು ತಿಂಗಳಿಗೆ ತಿಪಟೂರಿನ ತೆಂಗು ಬೆಳೆಗಾರರ ಸಂಘವೊಂದರ ಅಧ್ಯಕ್ಷ ಕಲ್ಲೇಶ್ ಕಾರಿನಲ್ಲಿ ಬಂದ. ಸಂಘದ ಹೊಸ ಕಟ್ಟಡದ ಎದುರುಗೋಡೆಗೆ ಆಳೆತ್ತರದ ತೆಂಗಿನ ಗೊನೆಯೊಂದು ಬೇಕಿತ್ತು, ಸುಟ್ಟಮಣ್ಣಿನದು. ಜೀವಿತಾ ಒಪ್ಪಿಕೊಂಡಳು. ಆರು ವಾರ ಬಾಗಿಲು ಹಾಕಿಕೊಂಡು ಕೂತಳು.

ಬಾಗಿಲು ಹಾಕಿದರೇನು, ಅಟ್ಟದ ದಬ್ಬೆಗಳ ನಡುವೆ ಬೆರಳು ತೂರುವಷ್ಟು ಸಂದಿಯಿತ್ತು. ತೋಂಟದಾರ್ಯನವರು ಏಣಿಯನ್ನು ನಿಯಮದಂತೆ ತಂದು ಹತ್ತಿ, ಮೇಲೆ ಕಾಯಿಗಳ ನಡುವೆ ಹೊಟ್ಟೆಯಡಿ ಮಾಡಿ ಮಲಗಿ, ಒಂದು ಕಣ್ಣು ಮುಚ್ಚಿ ಕೆಳಗೆ ನೋಡುತ್ತಿದ್ದರು. ಮನಸ್ಸಿಲ್ಲದಿದ್ದರೂ ಒಂದು ವಿಷಯವನ್ನು ಅವರು ಒಪ್ಪಿಕೊಳ್ಳಬೇಕಾಯಿತು: ಹುಡುಗಿಯ ಕೈ ಸುಮ್ಮನಿರುವ ಕೈಯಲ್ಲ. ಕಿರುಬೆರಳಿನ ಗಾತ್ರಕ್ಕೆ ಮಣ್ಣಿನ ಎಳೆ ಹೊಸೆಯುತ್ತಾಳೆ, ಸುತ್ತಿನ ಮೇಲೆ ಸುತ್ತು ಕೂರಿಸುತ್ತಾಳೆ, ಒಳಗಿನಿಂದ ಒಂದು ಬೆರಳು ಕೊಟ್ಟು ಹೊರಗಿನಿಂದ ಮರದ ಚಕ್ಕೆಯಲ್ಲಿ ತಟ್ಟುತ್ತಾಳೆ. ಎಳೆಯ ಗುರುತು ಮಾಯವಾಗಿ ಸಿಪ್ಪೆಯ ಮೂರು ಏಣುಗಳು ಏಳುತ್ತವೆ. ಟೊಳ್ಳಾದ ಕಾಯಿ, ಕುಂಬಳದಷ್ಟು ದಪ್ಪ. ಒಂದೊಂದನ್ನೂ ಬೇರೆ ಬೇರೆಯಾಗಿ ಕಟ್ಟಿ, ಸುಟ್ಟ ಮೇಲೆ ಗೊನೆಯ ಕಾಂಡಕ್ಕೆ ಜೋಡಿಸುವುದು.

ಐದನೆಯ ವಾರದ ಕೊನೆಗೆ ಅವಳು ಚಾಕುವಿನ ಮೊನೆಯಲ್ಲಿ ಕಾಯಿಯ ಮೈ ಗೀರಲು ಶುರುಮಾಡಿದಳು. ತೊಟ್ಟಿನ ಸುತ್ತ ಒರಟು ಒರಟಾಗಿ, ಕಂದು ಬಿರುಕು ಬಿಟ್ಟ ಹಾಗೆ. ತೋಂಟದಾರ್ಯನವರು ಎರಡೂ ಕಣ್ಣು ತೆರೆದರು.

"ಏಯ್! ಅದು ನುಸಿ ಹತ್ತಿದ ಕಾಯಲ್ವೇನೇ?"

ಜೀವಿತಾ ತಲೆ ಎತ್ತಲಿಲ್ಲ. "ಅಟ್ಟದಾಗೆ ಇಲಿ ಜಾಸ್ತಿ ಆಗವೆ."

"ನಾನು ಕಣಮ್ಮ!"

"ಗೊತ್ತು ದೊಡ್ಡಪ್ಪ."

"ನುಸಿಕಾಯಿ ಯಾಕೆ ಮಾಡ್ತಿದ್ದೀಯ? ಒಳ್ಳೆ ಕಾಯಿ ಸಿಗ್ಲಿಲ್ವಾ ನಿಂಗೆ?"

"ಹುಡುಕ್ದೆ. ಇರೋದನ್ನ ಇದ್ದಂಗೆ ಮಾಡೋಳು ನಾನು. ನುಸಿ, ಇಲಿ ಕಡಿದಿದ್ದು, ಸುರುಟಿದ ಎಳೆಗಾಯಿ, ಎಲ್ಲಾ ಐತೆ."

"ಎಲ್ಲೀವು ಅವು?"

"ನಿಮ್ ತೋಟದವೇ. ಬೇಲಿ ದಾಟಿ ನನ್ ಕಡೆ ಬಿದ್ದಿದ್ವು." ಅವಳು ಚಾಕುವನ್ನು ಬಟ್ಟೆಗೆ ಒರೆಸಿದಳು. "ಗೊನೆ ಕೆಳಗೆ ಒಂದು ಹಿತ್ತಾಳೆ ಹಲಗೆ ಹಾಕ್ತಾರಂತೆ. 'ಮಾದರಿ: ತೋಂಟದಾರ್ಯನವರ ತೋಟ' ಅಂತ ಬರೆಸ್ತೀನಿ. ನಿಮ್ಗೂ ಒಂದು ಹೆಸರಾಗ್ಲಿ ಬುಡಿ."

ಆ ರಾತ್ರಿ ತೋಂಟದಾರ್ಯನವರಿಗೆ ಮುದ್ದೆ ಇಳಿಯಲಿಲ್ಲ. ತಿಪಟೂರಿನ ಗೋಡೆ ಎಂದರೆ ಸಾಮಾನ್ಯವೇ? ಮಾರ್ಕೆಟ್ಟಿಗೆ ಬಂದವನು ಪ್ರತಿಯೊಬ್ಬನೂ ನೋಡುತ್ತಾನೆ. ನಾಳೆ ಇವರ ಚೀಲ ಕಂಡಕೂಡಲೆ ದಲ್ಲಾಳಿಗಳು ಬಾಯಿ ಬಿಚ್ಚಿಸಿ ಕೈ ಹಾಕಿ ನೋಡುತ್ತಾರೆ.

"ಮಣ್ಣಿನ ಕಾಯಿ ಕಣ್ರೀ ಅವು," ಎಂದರು ಸಿದ್ದಗಂಗಮ್ಮನವರು.

"ಹೆಸರು ಮಣ್ಣಿನದಲ್ಲ ಕಣೇ."

ಗುರುವಾರ ಜೀವಿತಾ ಗೋಡೆಯ ಅಳತೆ ತರಲು ತಿಪಟೂರಿಗೆ ಹೋದಳು. ತೋಂಟದಾರ್ಯನವರು ಏಣಿ ತಂದು, ಹತ್ತಿ, ಒಂದಷ್ಟು ಕಾಯಿ ಮಗುಚಿ, ಇಳಿದರು. ಕಾಗದದ ಪ್ರಕಾರ ಇನ್ನು ನೇರವಾಗಿ ಬಾಗಿಲ ಕಡೆಗೆ ನಡೆಯಬೇಕಿತ್ತು. ಅವರು ಎಡಕ್ಕೆ ತಿರುಗಿದರು.

ಗೋಣಿತಾಟಿನ ಮೇಲೆ ಹುಲ್ಲು ಹಾಸಿ ಇಪ್ಪತ್ಮೂರು ಮಣ್ಣಿನ ಕಾಯಿಗಳನ್ನು ತೊಟ್ಟು ಕೆಳಗೆ, ತಳ ಮೇಲೆ ಮಾಡಿ ಒಣಗಲು ಇಟ್ಟಿದ್ದಳು. ಒಂದನ್ನು ಎರಡೂ ಕೈಯಲ್ಲಿ ಎತ್ತಿ ಅಭ್ಯಾಸಬಲದಿಂದ ಕಿವಿಯ ಹತ್ತಿರ ಅಲ್ಲಾಡಿಸಿದರು. ಏನೂ ಕೇಳಿಸಲಿಲ್ಲ. ಹೆಬ್ಬೆರಳಿನಲ್ಲಿ ನುಸಿಯ ಗೀರುಗಳನ್ನು ತಿಕ್ಕಿ ನೋಡಿದರು. ಮಣ್ಣು ಆಗಲೇ ಬಿಗಿದಿತ್ತು, ಗೀರು ಹೋಗಲಿಲ್ಲ. ಹೋಗಲಿ, ನುಸಿ ಹತ್ತಿದ ಕಾಯಿಯಲ್ಲೂ ಕೊಬ್ಬರಿಯಾಗುತ್ತದೆ, ಗಾತ್ರ ಕಮ್ಮಿ ಅಷ್ಟೆ. ಆಮೇಲೆ ತಳ ನೋಡಿದರು. ನಡುಮಧ್ಯದಲ್ಲಿ ಊದುಬತ್ತಿ ತೂರುವಷ್ಟು ಒಂದು ತೂತು. ಪಕ್ಕದ್ದರಲ್ಲೂ ಒಂದು. ಅದರ ಪಕ್ಕದ್ದರಲ್ಲೂ.

ತೋಂಟದಾರ್ಯನವರಿಗೆ ಮೈ ಉರಿಯಿತು. ನುಸಿಯಾದರೂ ದೈವೇಚ್ಛೆ. ತಳ ತೂತಾದ ಕಾಯನ್ನು ಅಟ್ಟಕ್ಕೇರಿಸುವವನು ಕುರುಡ ಅಥವಾ ಸೋಮಾರಿ. ಗಾಳಿ ಹೊಕ್ಕು ಹದಿನೈದು ದಿನಕ್ಕೆ ಕೊಳೆತು ಅಕ್ಕಪಕ್ಕದ ಕಾಯಿಗೂ ಹತ್ತಿಸುತ್ತದೆ. ಅಂಥ ಕಾಯಿ ತಮ್ಮ ಕೈದಾಟಿ ಹೋದ ದಿನವಿಲ್ಲ. ಇಲ್ಲಿ ಇಪ್ಪತ್ಮೂರಕ್ಕೆ ಇಪ್ಪತ್ಮೂರೂ ತೂತು, ಅದರ ಕೆಳಗೆ ಹಿತ್ತಾಳೆಯಲ್ಲಿ ಇವರ ಹೆಸರು. ಇದು ಬೇಕೆಂದೇ ಮಾಡಿದ್ದಲ್ಲದೆ ಮತ್ತೇನು?

ಬಕೆಟ್ಟಿನಲ್ಲಿ ಹಸಿಮಣ್ಣು ಒದ್ದೆಬಟ್ಟೆಯ ಕೆಳಗೆ ಮೆತ್ತಗೆ ಕೂತಿತ್ತು. ಅವರು ಪಂಚೆ ಎತ್ತಿಕಟ್ಟಿ ಕುಕ್ಕರಗಾಲಿನಲ್ಲಿ ಕೂತರು. ಗೋಲಿಯಷ್ಟು ಮಣ್ಣು ಉಂಡೆ ಮಾಡಿ ತೂತಿಗೆ ಒತ್ತಿ, ಹೆಬ್ಬೆರಳಿನಿಂದ ಸವರಿ, ಒದ್ದೆಬಟ್ಟೆಯಲ್ಲಿ ಒರೆಸಿದರು. ಮೊದಲನೆಯದರಲ್ಲಿ ತೇಪೆ ಕಾಣುತ್ತಿತ್ತು. ಕಿತ್ತು ಮತ್ತೆ ಹಾಕಿದರು. ಐದಾರು ಮುಗಿಯುವಷ್ಟರಲ್ಲಿ ಕೈ ಕುದುರಿತು. ಗೆರೆಯೂ ಕಾಣದ ಹಾಗೆ ಕೂತಾಗ ಅವರಿಗೆ ಆದ ಸುಖ ಇಂಥದ್ದೇ ಎಂದು ಹೇಳುವುದು ಕಷ್ಟ. ಅದರಲ್ಲಿ ಒಳ್ಳೆಯ ಕೆಲಸದ ಸುಖ ಒಂದು ಪಾಲು, ಅವಳ ಹೊಟ್ಟೆ ಉರಿಸಿದೆನೆಂಬ ಸುಖ ಮೂರು ಪಾಲು. "ಕಾಯಿ ಮಾಡೋಕೆ ಬಂದವ್ಳೆ, ಕಾಯಿ!" ಎಂದು ಗೊಣಗುತ್ತಾ ಇಪ್ಪತ್ಮೂರನ್ನೂ ಮುಗಿಸಿ, ಕೈತೊಳೆದು, ಏಣಿಯನ್ನು ಹೊರಗೋಡೆಗೆ ತೂಗುಹಾಕಿ ಮನೆಗೆ ಹೋದರು.

ಜೀವಿತಾ ಸಂಜೆ ಬಸ್ಸಿಗೆ ಬಂದಳು. ಕಲ್ಲೇಶ್ ಉದ್ಘಾಟನೆಯನ್ನು ಒಂದು ವಾರ ಮುಂಚಿತವಾಗಿಯೇ ಇಟ್ಟುಕೊಂಡಿದ್ದರಿಂದ ಅವಳಿಗೆ ಕೂರಲು ಪುರುಸೊತ್ತಿರಲಿಲ್ಲ. ತಾನೇ ಚುಚ್ಚಿದ ತೂತು ಇದೆಯೇ ಇಲ್ಲವೇ ಎಂದು ಯಾರು ಹುಡುಕುತ್ತಾರೆ? ಮರುದಿನವೆಲ್ಲ ಕಾಯಿಗಳನ್ನು ಗೂಡಿಗೆ ಪೇರಿಸಿ, ಬಾಯಿಗೆ ಇಟ್ಟಿಗೆ ಮುಚ್ಚಿ, ಶನಿವಾರ ಬೆಳಗ್ಗೆ ತೆಂಗಿನ ಚಿಪ್ಪು, ಗರಿಯ ಬುಡದ ಎಡೆಮಟ್ಟೆ ಹಾಕಿ ಸಣ್ಣಗೆ ಉರಿ ಕೊಟ್ಟಳು.

ಹೊತ್ತು ನೆತ್ತಿಗೆ ಬರುವಾಗ ತೋಂಟದಾರ್ಯನವರು ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದರು. ಹಿತ್ತಲ ಕಡೆಯಿಂದ ಢಬ್ ಎಂದಿತು.

"ಕಾಯಿ ಬಿತ್ತು ನೋಡು," ಎಂದರು.

ಮತ್ತೆ ಢಬ್. ಹಿಂದೆಯೇ ಇನ್ನೆರಡು.

"ಒಂದೇ ಮರದಿಂದ ಇಷ್ಟು ಕಾಯಿ ಬೀಳ್ತಾವೇನ್ರೀ?" ಎಂದರು ಸಿದ್ದಗಂಗಮ್ಮನವರು. "ಕಿವಿ ಅಂತೀರ, ಕಿವಿ."

ಆಮೇಲೆ ಸಾಲಾಗಿ ಕೇಳಿಸಿತು. ಇಬ್ಬರೂ ಎದ್ದು ಹೋಗಿ ನೋಡಿದಾಗ ಜೀವಿತಾ ಗೂಡಿನ ಮುಂದೆ ಎರಡೂ ಕೈ ಇಳಿಬಿಟ್ಟು ನಿಂತಿದ್ದಳು. ಪ್ರತಿ ಸದ್ದಿಗೂ ಅವಳ ಭುಜ ಒಂದು ಸಲ ಹಾರುತ್ತಿತ್ತು. ಇವರ ಕಡೆ ತಿರುಗಲಿಲ್ಲ. ತೋಂಟದಾರ್ಯನವರು "ಉರಿ ಜಾಸ್ತಿ ಆಯ್ತೋ ಏನೋ" ಎಂದು ಗಾಳಿಗೆ ಹೇಳಿ ವಾಪಸಾದರು. ಒಳ್ಳೆಯದೇ ಆಯಿತು ಎಂದೂ ಅನ್ನಿಸಿತು. ತಮಗೂ ಅದಕ್ಕೂ ಸಂಬಂಧವಿದೆಯೆಂದು ಹೊಳೆಯಲಿಲ್ಲ.

ಸೋಮವಾರ ಗೂಡು ತಣಿಯಿತು. ಒಂದು ಕಾಯಿಯೂ ಇಡಿಯಾಗಿರಲಿಲ್ಲ. ಮಂಗಳವಾರ ಕಾಯಿಮನೆಯ ಜಗಲಿಯಲ್ಲಿ ಜೀವಿತಾ ಪಂ‍ಚಾಯ್ತಿ ಸೇರಿಸಿದಳು. ತುರುವೇಕೆರೆಯಿಂದ ಶ್ರೀರಂಗಯ್ಯನವರು ಕಾಗದದ ಸಮೇತ ಬಂದರು, ತಿಪಟೂರಿನಿಂದ ಕಲ್ಲೇಶ್ ಸಿಟ್ಟಿನ ಸಮೇತ ಬಂದ. ಊರಿನ ಹತ್ತು ಜನ ಕೆಲಸವಿಲ್ಲದ್ದರಿಂದ ಬಂದರು.

"ಉದ್ಘಾಟನೆಗೆ ಒಂಬತ್ತು ದಿನ ಐತೆ, ಮಣ್ಣು ಹಿಂಗಾಗೈತೆ," ಎಂದ ಕಲ್ಲೇಶ್. "ಕೈ ಇನ್ನೂ ಪಳಗಬೇಕು ಕಣಮ್ಮ. ನಾನು ಬೇರೆ ಕಡೆ ನೋಡ್ಕತೀನಿ. ಇದರಾಗೆ ಪಂಚಾಯ್ತಿ ಏನು ಬಂತು?"

ಜೀವಿತಾ ಮೊರದ ತುಂಬ ಚೂರುಗಳನ್ನು ತಂದು ನಡುವೆ ಇಟ್ಟಳು. ಅವಳ ಮುಖದಲ್ಲಿ ಏನೂ ಇರಲಿಲ್ಲ. "ಟೊಳ್ಳು ಮಣ್ಣು ಸುಡೋವಾಗ ಒಳಗಿನ ಹಬೆ ಹೊರಗೋಗಬೇಕು. ಅದಕ್ಕೇ ತಳದಾಗೆ ಒಂದೊಂದು ತೂತು ಮಾಡಿದ್ದೆ. ಯಾರೋ ಹಸಿಮಣ್ಣು ತುಂಬಿ ಅಷ್ಟನ್ನೂ ಮುಚ್ಚವ್ರೆ. ಹಬೆಗೆ ದಾರಿ ಇಲ್ಲ, ಒಡೆದವು. ಇಲ್ಲಿ ನೋಡಿ, ತೇಪೆ."

ತೋಂಟದಾರ್ಯನವರ ಬಾಯಲ್ಲಿದ್ದ ಎಲೆಯಡಿಕೆ ನಿಂತಿತು. ಹಬೆಯ ಸಂಗತಿ ಅವರಿಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಜೊತೆಗೆ ಶ್ರೀರಂಗಯ್ಯನವರ ಚೀಲದಲ್ಲಿದ್ದ ಕಾಗದದ ಕೊನೆಯ ಸಾಲೂ ಅಕ್ಷರ ಅಕ್ಷರವಾಗಿ ನೆನಪಾಯಿತು. ಪಕ್ಕದಲ್ಲಿ ಕೂತಿದ್ದ ಸಿದ್ದಗಂಗಮ್ಮನವರು ಗಂಡನ ಕಿವಿ ಕೆಂಪಾದದ್ದನ್ನು ನೋಡಿ, ಎಲ್ಲವನ್ನೂ ಅರ್ಥಮಾಡಿಕೊಂಡು, ಸೆರಗಿನ ಮರೆಯಲ್ಲಿ ಅವರ ತೊಡೆಯನ್ನು ಬಲವಾಗಿ ಚಿವುಟಿದರು. ಸುಮ್ಮನಿದ್ದರೆ ಸಾಕಿತ್ತು. ನೋಡಿದವರು ಯಾರೂ ಇರಲಿಲ್ಲ.

"ಯಾರು ಮುಚ್ಚಿರಬೋದು?" ಎಂದರು ಶ್ರೀರಂಗಯ್ಯನವರು.

"ನಮ್ ದೊಡ್ಡಪ್ಪನ ಮೇಲೆ ನಂಗೆ ಅನುಮಾನ ಇಲ್ಲ," ಎಂದಳು ಜೀವಿತಾ.

ಜಗಲಿಯೇ ಬೆರಗಾಯಿತು. ತೋಂಟದಾರ್ಯನವರು ಅಡಿಕೆಯನ್ನು ಮತ್ತೆ ಅಗಿಯಲು ಶುರುಮಾಡಿದರು.

"ಅವ್ರು ಎಷ್ಟೇ ಆಗ್ಲಿ ಕಾಯಿ ಬಲ್ಲೋರು. ಇದು ಕಾಯಿ ಬಲ್ಲೋರ ಕೆಲ್ಸ ಅಲ್ಲ."

"ಅಲ್ವಾ?" ಕಲ್ಲೇಶ್ ಚೂರೊಂದನ್ನು ಎತ್ತಿ ತಿರುಗಿಸಿದ. "ಮಟ್ಟಸವಾಗೇ ಕೂರಿಸವ್ನಲ್ಲ."

"ಏನ್ ಮಟ್ಟಸ ಅಣ್ಣ? ನೋಡಿ ಹೆಂಗೆ ಮೆತ್ತವ್ನೆ. ತಾರಸಿ ಸೋರ್ತೈತೆ ಅಂತ ಸಿಮೆಂಟು ಬಡಿದಂಗೆ."

ತೋಂಟದಾರ್ಯನವರು ಅಡಿಕೆ ನುಂಗಿದರು. ಸಿದ್ದಗಂಗಮ್ಮನವರ ಚಿವುಟು ಬಿಗಿಯಾಯಿತು.

"ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡೋಕೂ ಬಂದಿಲ್ಲ ಅವ್ನಿಗೆ," ಎಂದು ಜೀವಿತಾ ತಣ್ಣಗೆ ಮುಂದುವರಿಸಿದಳು. "ತೊಟ್ಟು ಯಾವುದು ತಳ ಯಾವುದು ಗೊತ್ತಿಲ್ಲದೋನು. ಎಲ್ಲೋ ರಸ್ತೆಬದಿ ಎಳನೀರು ಕುಡಿದಿರಬೋದು, ಅಷ್ಟೇ. ಅಟ್ಟ ಕಂಡೋನಲ್ಲ. ಕೇಳಿದ್ರೆ ಯಾವನೋ ಹಸಿಕಾಯಿ ಮಾರೋನೇ ಆಗಿರ್ತಾನೆ."

"ಯಾವನೇ ಹಸಿಕಾಯಿ ಮಾರೋನು?"

ತೋಂಟದಾರ್ಯನವರು ಎದ್ದು ನಿಂತಿದ್ದರು. ಸಿದ್ದಗಂಗಮ್ಮನವರ ಕೈ ಗಾಳಿಯಲ್ಲಿತ್ತು.

"ಹಸಿಕಾಯಿ ಮಾರೋನಂತೆ! ತಳ ತೂತಾದ ಕಾಯಿ ಹದಿನೈದು ದಿನ ತಡಿಯಲ್ಲ ಅಂತ ಅಟ್ಟ ಹತ್ತಿದೋನಿಗೆ ಗೊತ್ತು ಕಣೇ, ನಿನ್ನಂಥೋಳಿಗಲ್ಲ! ಸಿಮೆಂಟು ಬಡಿದಂಗಂತೆ! ಒಂದ್ ಗೆರೆ ಕಾಣಿಸ್ತಾ ನಿನ್ ಕಣ್ಣಿಗೆ, ಗೂಡಿಗೆ ಪೇರಿಸ್ದಾಗ? ಕಾಣಿಸ್ತಾ? ಒಂದೊಂದನ್ನೂ ಒರೆಸಿ ಒರೆಸಿ ಕೂರಿಸಿದ್ದೀನಿ. ಇಪ್ಪತ್ಮೂರಕ್ಕೆ ಇಪ್ಪತ್ಮೂರೂ ನಾನೇ!"

ಹುಣಿಸೆಮರದಲ್ಲಿ ಒಂದು ಕಾಗೆ ಕೂಗಿತು.

"ಆಯ್ತಲ್ಲ," ಎಂದರು ಸಿದ್ದಗಂಗಮ್ಮನವರು. "ಕೂತ್ಕಳಿ ಈಗ."

ಶ್ರೀರಂಗಯ್ಯನವರು ಕನ್ನಡಕ ಹಾಕಿಕೊಂಡು, ಕಾಗದ ಬಿಡಿಸಿ, ಬರೆದವನ ಸುಖದಲ್ಲಿ ಕೊನೆಯ ಸಾಲನ್ನು ಎರಡು ಸಲ ಓದಿದರು.

"ನಷ್ಟ ಆಗ್ಲಿ ಅಂತ ನಾನು ಮಾಡ್ಲಿಲ್ಲ," ಎಂದರು ತೋಂಟದಾರ್ಯನವರು. ಧ್ವನಿ ಇಳಿದಿತ್ತು.

"'ಬುದ್ಧಿಪೂರ್ವಕವಾಗಿ ಮಾಡಿದ ಕೆಲಸದಿಂದ' ಅಂತೈತೆ ಸ್ವಾಮಿ. ಮುಚ್ಚಿದ್ದು ಬುದ್ಧಿಪೂರ್ವಕವೋ ಕೈತಪ್ಪೋ?" ಎಂದರು ಶ್ರೀರಂಗಯ್ಯನವರು.

"ಇಪ್ಪತ್ಮೂರು ಸಲ ಕೈ ತಪ್ಪಲ್ಲ," ಎಂದಳು ಜೀವಿತಾ.

ಕಲ್ಲೇಶ್ ನೆಲ ನೋಡಿದ. ಊರಿನ ಹತ್ತು ಜನ ತೋಂಟದಾರ್ಯನವರನ್ನು ನೋಡಿದರು. ಹಸಿಕಾಯಿ ಮಾರುವವರು ಆ ಹತ್ತರಲ್ಲಿ ಏಳು ಮಂದಿಯಿದ್ದರು. ಯಾರೂ ಅಯ್ಯೋ ಎನ್ನಲಿಲ್ಲ.

ಅಟ್ಟದಲ್ಲಿ ಒಂಬತ್ತು ಸಾವಿರ ಕಾಯಿ ಇತ್ತು, ಹತ್ತಿಸಿ ಐದು ತಿಂಗಳಾಗಿತ್ತು. ನೀರು ಅರ್ಧ ಇಂಗಿದ, ಎಳನೀರೂ ಅಲ್ಲದ ಕೊಬ್ಬರಿಯೂ ಅಲ್ಲದ ಕಾಯಿ. ತೋಂಟದಾರ್ಯನವರು ಬದುಕಿನಲ್ಲಿ ಮೊದಲ ಸಲ ತಮ್ಮನ ಮಗಳ ಮುಂದೆ ಬೇಡಿ ನಿಂತರು.

"ಇನ್ನಾರು ತಿಂಗಳು ಬುಡು ಮಗಾ. ಕೊಬ್ಬರಿ ಆಗ್ಲಿ. ಇಳಿಸ್ಕತೀನಿ."

ಜೀವಿತಾ ಮೊರವನ್ನು ಎತ್ತಿಕೊಂಡಳು. "ನಂಗೂ ಇನ್ನೊಂದು ವಾರ ಸಾಕಾಗಿತ್ತು ದೊಡ್ಡಪ್ಪ." ಚೂರುಗಳನ್ನು ಅವರ ಕಾಲ ಬಳಿಯೇ ಸುರಿದು ಖಾಲಿ ಮೊರವನ್ನು ಕೊಡವಿದಳು. "ಹದಿನೈದು ದಿನ ಕೊಡ್ತೀನಿ. ಅದೂ ದೊಡ್ಡಮ್ಮನ ಮುಖ ನೋಡಿ."

"ನನ್ ಮುಖ ನೋಡ್ಬೇಡ ಬುಡು," ಎಂದರು ಸಿದ್ದಗಂಗಮ್ಮನವರು. "ನೀವಿಬ್ರೂ ಒಂದೇ ಮಣ್ಣು."

ತೋಂಟದಾರ್ಯನವರು ಹದಿನೈದು ದಿನವೂ ಊರೂರು ಸುತ್ತಿದರು. ಆ ಹಂಗಾಮಿನಲ್ಲಿ ಎಲ್ಲರ ಅಟ್ಟವೂ ಭರ್ತಿ. ಜಾಗವಿದ್ದ ಒಂದಿಬ್ಬರು, ನಿಮ್ಮ ಕಾಯಿ ನಮ್ಮ ಅಟ್ಟಕ್ಕೆ ಸರಿಬರುತ್ತದೋ ಇಲ್ಲವೋ ಎಂದು ಬಹಳ ವಿನಯದಿಂದ ಕೇಳಿ ಕಳಿಸಿದರು. ತಾರಸಿ ಮನೆಯ ನಡುಮನೆಯಲ್ಲಿ ಐನೂರು ಕಾಯಿ ರಾಶಿ ಹಾಕಿ ನೋಡಿದರು. ನಾಲ್ಕು ದಿನಕ್ಕೆ ವಾಸನೆ ಬಂತು.

ಸಂಘದವರು ಗೋಡೆಗೆ ಫೈಬರಿನ ಗೊನೆ ತರಿಸಿ ಹಾಕಿದರು. ಜೀವಿತಾಳಿಗೆ ಆ ಕೆಲಸ ಮತ್ತೆ ಸಿಗಲಿಲ್ಲ. ಹದಿನಾಲ್ಕನೆಯ ದಿನ ಅರಸೀಕೆರೆ ಕಡೆಯ ಲಾರಿಯೊಂದು ಕಾಯಿಮನೆಯ ಮುಂದೆ ನಿಂತಿತು. ತೋಂಟದಾರ್ಯನವರ ಒಂಬತ್ತು ಸಾವಿರ ಕಾಯಿ ಹಸಿಕಾಯಿಯಾಗಿ ಹೋಯಿತು.